ಮಾರ್ಚಿ ತಿಂಗಳ ಮರುಳು

ಮಾರ್ಚಿ ತಿಂಗಳ ನಡುವಿನ ಒಂದು ಭಾನುವಾರ ಸಂಜೆ ಅಮೆರಿಕ ಸಂಯುಕ್ತ ಸಂಸ್ಥಾನದ ಮನೆಮನೆಗಳಲ್ಲಿ ಜನ ದೂರದರ್ಶನದ ಮುಂದೆ ಕಾತರದಿಂದ ಕುಳಿತಿರುತ್ತಾರೆ. ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಯಾವ ಯಾವ ತಂಡಗಳು ಆಯ್ಕೆಯಾದುವು, ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ ಅಂದು ಪ್ರಕಟವಾಗುತ್ತದೆ. ಆ ಕ್ಷಣದಿಂದ ಗುರುವಾರ ಮಧ್ಯಾಹ್ನ ಮೊದಲ ಸುತ್ತಿನ ಚೆಂಡು ಮೇಲಕ್ಕೆ ಹಾರುವವರೆಗೆ ಕಚೇರಿಗಳಲ್ಲಿ, ವಿದ್ಯಾರ್ಥಿ ನಿಲಯಗಳಲ್ಲಿ, ಕ್ಷೌರದಂಗಡಿಗಳಲ್ಲಿ ಒಂದೇ ಮಾತು: ‘ನಿನ್ನ ಹಾಳೆ ತುಂಬಿದೆಯೊ?’

ಈ ಹಾಳೆಗೆ ಅಲ್ಲಿಯವರು ‘ಬ್ರ್ಯಾಕೆಟ್’ ಎನ್ನುತ್ತಾರೆ. ನಮ್ಮ ವ್ಯಾಕರಣದಲ್ಲಿ ಆವರಣ ಚಿಹ್ನೆ, ಕಂಸವೆಂದೂ ಹೇಳುವುದುಂಟು. ಎರಡೆರಡು ತಂಡಗಳ ಹೆಸರನ್ನು ಒಂದೊಂದು ಕಂಸದಲ್ಲಿ ಸೇರಿಸಿ, ಗೆದ್ದವನ ಹೆಸರನ್ನು ಮುಂದಿನ ಗೆರೆಯ ಮೇಲೆ ಬರೆಯುತ್ತ ಹೋದರೆ ಹಾಳೆಯ ಎರಡು ಅಂಚುಗಳಿಂದ ಹೊರಟ ಗೆರೆಗಳು ನಡುವೆ ಬಂದು ಕೂಡುತ್ತವೆ. ಅಲ್ಲಿ ಉಳಿಯುವುದು ಒಂದೇ ಹೆಸರು. ಪಂದ್ಯಗಳು ಆರಂಭವಾಗುವ ಮುನ್ನವೇ ಹಾಳೆಯನ್ನು ಪೂರ್ತಿಯಾಗಿ ತುಂಬಿ ಒಪ್ಪಿಸಬೇಕು. ಆಮೇಲೆ ತಿದ್ದುವಂತಿಲ್ಲ. ಸ್ನೇಹಿತರು ಹತ್ತೋ ಇಪ್ಪತ್ತೋ ಮಂದಿ ಸೇರಿ ತಲೆಗೆ ಐದೋ ಹತ್ತೋ ಡಾಲರು ಹಾಕಿ, ಯಾರ ಭವಿಷ್ಯ ಹೆಚ್ಚು ನಿಜವಾಯಿತೋ ಅವರಿಗೆ ಹಣ ಎಂದು ಮಾಡಿಕೊಳ್ಳುವ ಈ ಒಪ್ಪಂದಕ್ಕೆ ‘ಪೂಲ್’ ಎಂದು ಹೆಸರು.

ಆಟದ ಹುಟ್ಟು ಹಳೆಯ ಕಥೆ. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಹಿಡಿದಿಡಲೆಂದು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತಡಿ ಎತ್ತರಕ್ಕೆ ಮೊಳೆ ಹೊಡೆದು ನಿಲ್ಲಿಸಿದರು. ಅದೇ ವೈ.ಎಂ.ಸಿ.ಎ.ಯ ಕಾರ್ಯಕರ್ತರು ಆಟವನ್ನು ನಮ್ಮ ದೇಶಕ್ಕೂ ತಂದರು. ಅಮೆರಿಕದ ರಾಷ್ಟ್ರೀಯ ಕಾಲೇಜು ಪಂದ್ಯಾವಳಿ 1939ರಲ್ಲಿ ಕೇವಲ ಎಂಟು ತಂಡಗಳೊಡನೆ ಮೊದಲಾಯಿತು. ಆ ವರ್ಷ ಆರಿಗನ್ ತಂಡ ಓಹೈಯೋ ಸ್ಟೇಟ್ ತಂಡವನ್ನು 46-33ರಿಂದ ಸೋಲಿಸಿತು. 1951ರಲ್ಲಿ ಹದಿನಾರು, 1975ರಲ್ಲಿ ಮೂವತ್ತೆರಡು, 1985ರಲ್ಲಿ ಅರವತ್ತನಾಲ್ಕು ಎಂದು ಸಂಖ್ಯೆ ಬೆಳೆಯಿತು. 2011ರಲ್ಲಿ ಅದು ಅರವತ್ತೆಂಟಕ್ಕೆ ಏರಿದಾಗ, ಹೆಚ್ಚಿನ ನಾಲ್ಕನ್ನು ಕಳೆಯಲು ಮುಂಚಿತವಾಗಿ ನಾಲ್ಕು ಪಂದ್ಯಗಳನ್ನಾಡಿಸುವ ಪದ್ಧತಿ ಬಂದಿತು. ಪೂಲ್ ನಡೆಸುವವರು ಸಾಮಾನ್ಯವಾಗಿ ಆ ನಾಲ್ಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರವತ್ತನಾಲ್ಕು ತಂಡ, ಅರವತ್ತಮೂರು ಪಂದ್ಯ. ಅವರ ಗಣಿತವೆಲ್ಲ ಇದರ ಮೇಲೆಯೇ.

ಈ ಗಣಿತದ ಆಳ ಭಾರತೀಯರಿಗೆ ಬೇಗ ಅರ್ಥವಾದೀತು. ಚದುರಂಗವನ್ನು ಕಂಡುಹಿಡಿದವನು ರಾಜನ ಬಳಿ ಬಹುಮಾನ ಬೇಡಿದ ಕಥೆಯನ್ನು ಕೇಳದವರಾರು? ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಇಮ್ಮಡಿಸುತ್ತ ಹೋದರೆ ರಾಜನ ಕಣಜವೆಲ್ಲ ಬರಿದಾಗುತ್ತದೆ. ಪ್ರತಿ ಪಂದ್ಯಕ್ಕೂ ಎರಡೇ ಫಲಗಳಿರುವುದರಿಂದ ಅರವತ್ತಮೂರು ಪಂದ್ಯಗಳ ಹಾಳೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದೆಂದು ಲೆಕ್ಕ ಹಾಕಿದರೆ, ಬರುವ ಉತ್ತರ ಚದುರಂಗದ ಹಾಸಿನ ಕಟ್ಟಕಡೆಯ ಮನೆಯಲ್ಲಿ ರಾಶಿ ಬೀಳುವ ಕಾಳುಗಳ ಸಂಖ್ಯೆಯೇ: 92,23,37,20,36,85,47,75,808. ತೊಂಬತ್ತೆರಡು ಸಾವಿರ ಕೋಟಿ ಕೋಟಿಗೂ ಮಿಗಿಲು! ಆ ರಾಶಿಯಲ್ಲಿ ಸರಿಯಾದ ಕಾಳು ಒಂದೇ ಒಂದು. ಆಟ ಬಲ್ಲವನು ಕಣ್ಣು ಮುಚ್ಚಿ ಕೈಹಾಕುವುದಿಲ್ಲ, ಆದ್ದರಿಂದ ಅವನ ಪಾಡು ಸ್ವಲ್ಪ ಮೇಲು. ಆದರೂ ಅಷ್ಟೇನೂ ಮೇಲಲ್ಲ. 2014ರಲ್ಲಿ ಒಂದೂ ತಪ್ಪಿಲ್ಲದ ಹಾಳೆ ಕೊಟ್ಟವರಿಗೆ ನೂರು ಕೋಟಿ ಡಾಲರು ಎಂದು ಒಂದು ಸಂಸ್ಥೆ ಸಾರಿತು. ಅದಕ್ಕೆ ಬೆಂಬಲವಾಗಿ ನಿಂತವರು ಧನಿಕ ವಾರೆನ್ ಬಫೆಟ್. ಯಾರೂ ಗೆಲ್ಲಲಿಲ್ಲ. 2019ರಲ್ಲಿ ಓಹೈಯೋ ಸಂಸ್ಥಾನದ ಒಬ್ಬ ಗೃಹಸ್ಥರ ಹಾಳೆ ಮೊದಲ ನಲವತ್ತೊಂಬತ್ತು ಪಂದ್ಯಗಳವರೆಗೆ ಅಕ್ಷರಶಃ ನಿಜವಾಗುತ್ತ ಬಂದು ಇಡೀ ದೇಶವೇ ಬೆರಗಾಯಿತು. ಐವತ್ತನೆಯ ಪಂದ್ಯದಲ್ಲಿ ಪರ್ಡ್ಯೂ ತಂಡ ಹೆಚ್ಚುವರಿ ಅವಧಿಯಲ್ಲಿ ಟೆನೆಸಿ ತಂಡವನ್ನು ಸೋಲಿಸಿದಾಗ ಆ ಹಾಳೆಯ ಪುಣ್ಯವೂ ತೀರಿತು.

ಸಂಚಾಲಕನ ಪಾಡು

ಇಂಥ ಆಟವನ್ನು ಗೆಳೆಯರ ನಡುವೆ ನಡೆಸಲು ಒಬ್ಬ ಬೇಕು. ನಮ್ಮ ಊರುಗಳಲ್ಲಿ ಚೀಟಿ ನಡೆಸುವವರನ್ನು ಕಂಡವರಿಗೆ ಆತನ ಸ್ಥಾನಮಾನ ವಿವರಿಸಬೇಕಾಗಿಲ್ಲ. ಎಲ್ಲರ ಹಣ ಆತನ ಕೈಯಲ್ಲಿ. ಎಲ್ಲರ ಮಾತೂ ಆತನ ಮೇಲೆ. ಕೆಲಸಕ್ಕೆ ಸಂಬಳವಿಲ್ಲ. ಅನೇಕ ಕಡೆ ಸಂಚಾಲಕ ಹಣದಲ್ಲಿ ಪಾಲು ಹಿಡಿದರೆ ವಿನೋದವು ಜೂಜಿನ ವ್ಯಾಪಾರವಾಗಿ ಕಾನೂನಿನ ಕೈಗೆ ಸಿಕ್ಕುತ್ತದೆ. ಕೆಲವು ಸಂಸ್ಥಾನಗಳಲ್ಲಿ ಪಾಲು ಹಿಡಿಯದಿದ್ದರೂ ತಪ್ಪೇ. ಮೊದಲು ಆತ ಎಲ್ಲರಿಗೂ ಹಾಳೆ ಹಂಚುತ್ತಾನೆ. ‘ಗುರುವಾರ ಹನ್ನೆರಡು ಗಂಟೆ’ ಎಂದು ಗಡುವು ವಿಧಿಸುತ್ತಾನೆ. ಬುಧವಾರ ರಾತ್ರಿಯವರೆಗೆ ಅರ್ಧಕ್ಕರ್ಧ ಮಂದಿ ಸುಮ್ಮನಿದ್ದು ಗುರುವಾರ ಹನ್ನೊಂದೂವರೆಗೆ ಒಟ್ಟಾಗಿ ಮುತ್ತಿಗೆ ಹಾಕುತ್ತಾರೆ. ಹನ್ನೆರಡಕ್ಕೆ ಐದು ನಿಮಿಷ ಮೀರಿ ಬಂದ ಹಾಳೆಯನ್ನು ಸ್ವೀಕರಿಸಬೇಕೆ, ಬೇಡವೆ? ಮೊದಲ ಪಂದ್ಯದಲ್ಲಿ ಇನ್ನೂ ನಾಲ್ಕೇ ಅಂಕಗಳಾಗಿವೆಯಲ್ಲ, ಅದರಿಂದ ಯಾರಿಗೇನು ನಷ್ಟ? ಹೀಗೆಂದು ದಾಕ್ಷಿಣ್ಯಕ್ಕೆ ಒಮ್ಮೆ ಒಪ್ಪಿದ ಸಂಚಾಲಕ ಮುಂದಿನ ವರ್ಷ ಎರಡನೆಯ ದಿನ ಬಂದ ಹಾಳೆಗೂ ಉತ್ತರ ಹೇಳಬೇಕಾಗುತ್ತದೆ. ಅನುಭವಸ್ಥರು ನಿಯಮಗಳನ್ನು ಮೊದಲೇ ಬರೆದು ಎಲ್ಲರಿಗೂ ಕಳುಹಿಸಿಬಿಡುತ್ತಾರೆ. ಹಣ ಕೊಡದವನ ಹಾಳೆ ಲೆಕ್ಕಕ್ಕಿಲ್ಲವೆಂಬುದು ಅದರಲ್ಲಿ ಮೊದಲನೆಯ ಸಾಲು. ಕೆಲವರು ಅದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಆದರೂ ಪ್ರಯೋಜನ ಅಷ್ಟಕ್ಕಷ್ಟೆ.

ನಿಜವಾದ ಜಗಳ ಅಂಕಗಳ ವಿಷಯದಲ್ಲಿ. ರೂಢಿಯಲ್ಲಿರುವ ಲೆಕ್ಕ ಹೀಗಿದೆ: ಮೊದಲ ಸುತ್ತಿನಲ್ಲಿ ಸರಿಯಾದ ಪ್ರತಿ ಊಹೆಗೆ ಒಂದು ಅಂಕ, ಎರಡನೆಯದರಲ್ಲಿ ಎರಡು, ಮೂರರಲ್ಲಿ ನಾಲ್ಕು, ಆಮೇಲೆ ಎಂಟು, ಹದಿನಾರು, ಕೊನೆಯ ಪಂದ್ಯಕ್ಕೆ ಮೂವತ್ತೆರಡು. ಪ್ರತಿ ಸುತ್ತಿಗೂ ಒಟ್ಟು ಮೂವತ್ತೆರಡೇ ಅಂಕಗಳು. ಆರು ಸುತ್ತಿಗೆ 192. ನೋಡಲು ನ್ಯಾಯವಾಗಿಯೇ ಇದೆ. ಆದರೆ ಇದರ ಫಲವೇನು? ಮೊದಲ ಸುತ್ತಿನ ಮೂವತ್ತೆರಡು ಪಂದ್ಯಗಳನ್ನೂ ಅಧ್ಯಯನ ಮಾಡಿ ಬಿಡದೆ ಸರಿಯಾಗಿ ಹೇಳಿದ ಪಂಡಿತನಿಗೆ ಸಿಗುವಷ್ಟೇ ಅಂಕಗಳು, ಉಳಿದುದೆಲ್ಲ ತಪ್ಪಾಗಿ ಅಂತಿಮ ವಿಜೇತನೊಬ್ಬನನ್ನು ಮಾತ್ರ ಕಂಡವನಿಗೆ ಆ ಒಂದೇ ಪಂದ್ಯದಲ್ಲಿ ದೊರೆಯುತ್ತವೆ. ವರ್ಷವೆಲ್ಲ ಆಟ ನೋಡಿದವನು ಸೋತು, ತಂಡಗಳ ಅಂಗಿಯ ಬಣ್ಣ ನೋಡಿ ಹಾಳೆ ತುಂಬಿದ ಲೆಕ್ಕಪತ್ರ ವಿಭಾಗದ ಗುಮಾಸ್ತೆ ಹಣ ಕೊಂಡೊಯ್ಯುವುದು ಅಮೆರಿಕದ ಕಚೇರಿಗಳಲ್ಲಿ ಪ್ರತಿವರ್ಷ ಕೇಳಿಬರುವ ಕಥೆ. ಇದಕ್ಕೆ ಪರಿಹಾರವಾಗಿ ಕೆಲವರು, ಶ್ರೇಯಾಂಕದಲ್ಲಿ ಕೆಳಗಿರುವ ತಂಡದ ಗೆಲುವನ್ನು ಸರಿಯಾಗಿ ಊಹಿಸಿದವರಿಗೆ ಆ ಶ್ರೇಯಾಂಕದಷ್ಟೇ ಹೆಚ್ಚುವರಿ ಅಂಕ ಕೊಡುತ್ತಾರೆ. ಹನ್ನೆರಡನೆಯ ಶ್ರೇಯಾಂಕದವರು ಗೆದ್ದರೆ ಹನ್ನೆರಡು. ಆಗ ಸಾಹಸಿಗಳಿಗೆ ಹಬ್ಬ, ಜಾಗರೂಕರಿಗೆ ಕೋಪ. ಎಲ್ಲರಿಗೂ ಒಪ್ಪಿಗೆಯಾಗುವ ಲೆಕ್ಕವನ್ನು ಇನ್ನೂ ಯಾವ ಸಂಚಾಲಕನೂ ಕಂಡುಹಿಡಿದಂತಿಲ್ಲ.

ಶ್ರೇಯಾಂಕದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅರವತ್ತನಾಲ್ಕು ತಂಡಗಳನ್ನು ನಾಲ್ಕು ವಲಯಗಳಾಗಿ ವಿಭಾಗಿಸಿ, ಪ್ರತಿ ವಲಯದಲ್ಲಿಯೂ ಒಂದರಿಂದ ಹದಿನಾರರವರೆಗೆ ಅಂಕಿತವಿಡುತ್ತಾರೆ. ಒಂದನೆಯವರು ಹದಿನಾರನೆಯವರೊಡನೆ, ಎರಡನೆಯವರು ಹದಿನೈದನೆಯವರೊಡನೆ, ಹೀಗೆ ಮೊದಲ ಸುತ್ತು. ಐದನೆಯವರ ಮೇಲೆ ಹನ್ನೆರಡನೆಯವರು ಸರಿಸುಮಾರು ಮೂರಕ್ಕೊಂದು ಸಲ ಗೆಲ್ಲುತ್ತ ಬಂದಿದ್ದಾರೆಂಬುದು ಈ ವಿದ್ಯೆಯ ಬಾಲಪಾಠ. ಆದರೆ ಒಂದನೆಯವರ ಮೇಲೆ ಹದಿನಾರನೆಯವರು? 1985ರಿಂದ 2017ರವರೆಗೆ ನಡೆದ 132 ಪಂದ್ಯಗಳಲ್ಲಿ ಒಮ್ಮೆಯೂ ಇಲ್ಲ. 2018ರಲ್ಲಿ ಬಾಲ್ಟಿಮೋರ್ ಕೌಂಟಿಯ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹುಡುಗರು ವರ್ಜೀನಿಯಾ ತಂಡವನ್ನು 74-54ರಿಂದ ಸೋಲಿಸಿದ ರಾತ್ರಿ, ವರ್ಜೀನಿಯಾವೇ ವಿಜೇತನೆಂದು ಬರೆದಿದ್ದವರ ಹಾಳೆಗಳು ಎರಡನೆಯ ದಿನವೇ ಕಸದ ಬುಟ್ಟಿ ಸೇರಿದವು. ಅದೇ ವರ್ಜೀನಿಯಾ ಮರುವರ್ಷ ಪದವಿ ಗೆದ್ದಿತು. ಹೆದರಿ ಕೈಬಿಟ್ಟವರು ಎರಡನೆಯ ಬಾರಿ ಸೋತರು. ಹಾಗೆಂದು ಪ್ರತಿವರ್ಷವೂ ಪವಾಡಗಳನ್ನು ನಂಬಿ ಕುಳಿತವರ ಗತಿಯೇನು? 2025ರಲ್ಲಿ ನಾಲ್ಕು ವಲಯಗಳ ಒಂದನೆಯವರೇ ಕೊನೆಯ ನಾಲ್ಕರಲ್ಲಿ ನಿಂತರು. 1985ರಿಂದೀಚೆಗೆ ಹಾಗೆ ಆದದ್ದು 2008ರಲ್ಲಿ ಒಮ್ಮೆ ಮಾತ್ರ.

ಹಣದ ನೆರಳು

ಐದು ಡಾಲರಿನ ವಿನೋದ ಎಲ್ಲಿ ಮುಗಿದು ಜೂಜು ಎಲ್ಲಿ ಮೊದಲಾಗುತ್ತದೆಂಬುದು ಸುಲಭದ ಪ್ರಶ್ನೆಯಲ್ಲ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಭಾಗದ ಒಂದು ಪಾನಗೃಹದಲ್ಲಿ 1977ರಲ್ಲಿ ಎಂಬತ್ತೆಂಟು ಮಂದಿ ತಲೆಗೆ ಹತ್ತು ಡಾಲರು ಹಾಕಿ, ಕೊನೆಯ ನಾಲ್ಕು ತಂಡಗಳನ್ನೂ ವಿಜೇತನನ್ನೂ ಊಹಿಸುವ ಪಂತ ಕಟ್ಟಿದರು. ಈ ಬಗೆಯ ಪೂಲಿಗೆ ಅದೇ ಮೂಲವೆಂದು ಅನೇಕರ ನಂಬಿಕೆ. ಗೆದ್ದವನಿಗೆ 880 ಡಾಲರು. ಬಾಯಿಂದ ಬಾಯಿಗೆ ಹಬ್ಬಿ 2006ರ ಹೊತ್ತಿಗೆ ಬಹುಮಾನದ ಮೊತ್ತ ಹದಿನೈದು ಲಕ್ಷ ಡಾಲರಿನ ಆಸುಪಾಸಿಗೆ ಬೆಳೆಯಿತು. ಅಷ್ಟು ಹಣ ಕಂಡ ಮೇಲೆ ತೆರಿಗೆಯವರ ಕಣ್ಣು ಬೀಳದಿರುತ್ತದೆಯೆ? ಆಟ ಅಲ್ಲಿಗೆ ನಿಂತಿತು.

ಇನ್ನೊಂದು ಬಗೆಯಿದೆ, ಅದರ ಹೆಸರು ಕೇಳಿ ಭಾರತೀಯರು ಬೆಚ್ಚಿಬೀಳಬೇಕು: ‘ಕಲ್ಕತ್ತಾ’! ಬ್ರಿಟಿಷರ ಕಾಲದಲ್ಲಿ ಕಲ್ಕತ್ತೆಯ ಕುದುರೆ ಪಂದ್ಯದ ಪಂತಗಳಿಂದ ಈ ಹೆಸರು ಹುಟ್ಟಿ ಸಮುದ್ರ ದಾಟಿತು. ಇದರಲ್ಲಿ ಹಾಳೆ ತುಂಬುವುದಿಲ್ಲ. ತಂಡಗಳನ್ನೇ ಹರಾಜು ಕೂಗುತ್ತಾರೆ. ಕೊಂಡ ತಂಡ ಗೆದ್ದಂತೆ ಕೊಂಡವನಿಗೆ ಪಾಲು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತರಬೇತುದಾರ ರಿಕ್ ನ್ಯೂಹೈಸೆಲ್ ತಮ್ಮ ನೆರೆಹೊರೆಯವರು ನಡೆಸಿದ ಇಂಥ ಹರಾಜಿನಲ್ಲಿ ಸೇರಿ ಸಾವಿರಾರು ಡಾಲರು ಹೂಡಿದ್ದರು. ಸುದ್ದಿ ಹೊರಬಿದ್ದು 2003ರಲ್ಲಿ ಕೆಲಸ ಕಳೆದುಕೊಂಡರು. ಹೊರಗಿನ ಪೂಲುಗಳಲ್ಲಿ ಸೇರಲು ಅಡ್ಡಿಯಿಲ್ಲವೆಂದು ವಿಶ್ವವಿದ್ಯಾಲಯದ ನಿಯಮಪಾಲನಾಧಿಕಾರಿಯೇ ಬರೆದಿದ್ದ ಪತ್ರವೊಂದು ಆಮೇಲೆ ಬೆಳಕಿಗೆ ಬಂದಿತು. ನ್ಯಾಯಾಲಯದ ಮೆಟ್ಟಿಲೇರಿದ ತರಬೇತುದಾರರಿಗೆ 2005ರಲ್ಲಿ ನಲವತ್ತೈದು ಲಕ್ಷ ಡಾಲರುಗಳ ಪರಿಹಾರದೊಡನೆ ವ್ಯಾಜ್ಯ ತೀರಿತು. ಬಂದ ಹಣ ದೊಡ್ಡದೇ. ಆದರೆ ಕೈಬಿಟ್ಟ ಪದವಿ ಹಿಂದಿರುಗಲಿಲ್ಲ.

ಗೆಳೆಯರ ಪೂಲಿನಲ್ಲಿ ಇಷ್ಟು ದೂರ ಹೋಗುವ ಪ್ರಸಂಗ ಬರುವುದಿಲ್ಲ. ಅಲ್ಲಿ ಹಣಕ್ಕಿಂತ ಸಂಬಂಧದ ಎಳೆಯೇ ದೊಡ್ಡದು. ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದವರು ಹತ್ತು ಊರುಗಳಿಗೆ ಚೆದರಿಹೋದ ಮೇಲೆ, ಮದುವೆಗೂ ಸಾವಿಗೂ ಮಾತ್ರ ಪತ್ರ ಬರೆಯುವಂತಾದ ಮೇಲೆ, ಮಾರ್ಚಿಯಲ್ಲಿ ಒಬ್ಬ ಸಂಚಾಲಕ ಹಾಳೆ ಕಳುಹಿಸಿದನೆಂದರೆ ಮೂರು ವಾರ ಎಲ್ಲರೂ ಹಿಂದಿನಂತೆ ಒಬ್ಬರನ್ನೊಬ್ಬರು ಹಂಗಿಸತೊಡಗುತ್ತಾರೆ. ಅಂಕಗಳನ್ನು ಈಗ ಗಣಕಯಂತ್ರವೇ ಕೂಡಿಸಿಕೊಡುತ್ತದೆ. ಕೊಂಕುಮಾತು ಮಾತ್ರ ಮನುಷ್ಯರೇ ಬರೆಯಬೇಕು. ಒಳ್ಳೆಯ ಸಂಚಾಲಕ ಪ್ರತಿ ರಾತ್ರಿ ಯಾರು ಮೇಲೇರಿದರು, ಯಾರು ಮಣ್ಣು ಮುಕ್ಕಿದರು ಎಂದು ನಾಲ್ಕು ಸಾಲು ಬರೆದು ಕಳುಹಿಸುತ್ತಾನೆ. ಅಮೆರಿಕದ ಕಚೇರಿಗಳಲ್ಲಿ ದುಡಿಯುವ ಕನ್ನಡಿಗ ಎಂಜಿನಿಯರರೂ ಈ ಬಲೆಗೆ ಬೀಳದಿಲ್ಲ. ರಣಜಿ ಪಂದ್ಯಗಳನ್ನು ಕೇಳುತ್ತ ಬೆಳೆದವರಿಗೆ ಗೊಂಜಾಗ, ಕ್ರೇಟನ್ ಮೊದಲಾದ ಹೆಸರುಗಳು ಏನು ತಿಳಿದಾವು? ಭಾವಮೈದುನ ಎಂ.ಎಸ್. ಓದಿದ ವಿಶ್ವವಿದ್ಯಾಲಯ ಯಾವುದೋ ಅದಕ್ಕೆ ಗೆಲುವು ಬರೆದರಾಯಿತು.

ಹೃದಯ ಒಂದು ಕಡೆ, ಹಾಳೆ ಇನ್ನೊಂದು ಕಡೆ ಎಂಬ ಸಂಕಟ ಬಲ್ಲವರಲ್ಲಿ ಸಿಸ್ಟರ್ ಜೀನ್ ಡೊಲೊರೆಸ್ ಶ್ಮಿಟ್ ಅವರ ಹೆಸರು ಮೊದಲು ಬರುತ್ತದೆ. ಷಿಕಾಗೊ ನಗರದ ಲಯೋಲ ವಿಶ್ವವಿದ್ಯಾಲಯದ ತಂಡಕ್ಕೆ ಈ ಕ್ರೈಸ್ತ ಸಂನ್ಯಾಸಿನಿಯೇ ಧರ್ಮೋಪದೇಶಕಿಯಾಗಿದ್ದರು. 2018ರಲ್ಲಿ ಅವರಿಗೆ ತೊಂಬತ್ತೆಂಟು ವರ್ಷ. ಗಾಲಿಕುರ್ಚಿಯಲ್ಲಿ ಕುಳಿತು ಪಂದ್ಯಕ್ಕೆ ಬರುತ್ತಿದ್ದರು. ಹನ್ನೊಂದನೆಯ ಶ್ರೇಯಾಂಕದ ಲಯೋಲ ಆ ವರ್ಷ ಎಲ್ಲರ ನಿರೀಕ್ಷೆ ಮೀರಿ ಕೊನೆಯ ನಾಲ್ಕರವರೆಗೆ ಸಾಗಿತು. ಆದರೆ ಸಿಸ್ಟರ್ ಜೀನ್ ತಾವೇ ತುಂಬಿದ ಹಾಳೆಯಲ್ಲಿ ತಮ್ಮ ಹುಡುಗರು ಮೂರನೆಯ ಸುತ್ತಿನಲ್ಲಿಯೇ ಸೋಲುವರೆಂದು ಬರೆದಿದ್ದರು! ತಮ್ಮ ಹಾಳೆ ಹರಿದುಹೋಯಿತೆಂದು ಇಷ್ಟು ಸಂತೋಷಪಟ್ಟವರು ಅಮೆರಿಕದಲ್ಲಿ ಇನ್ನೊಬ್ಬರಿರಲಾರರು. 2025ರಲ್ಲಿ, ನೂರಾರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಏಪ್ರಿಲಿನ ಮೊದಲ ದಿನಗಳಲ್ಲಿ ಒಂದು ಸೋಮವಾರ ರಾತ್ರಿ ಅಂತಿಮ ಪಂದ್ಯ. ಅಷ್ಟು ಹೊತ್ತಿಗೆ ಹಾಳೆಗಳಲ್ಲಿ ಜೀವವಿರುವವರು ಇಬ್ಬರೋ ಮೂವರೋ. ಇಬ್ಬರ ಅಂಕ ಸಮವಾದರೆ? ಅದಕ್ಕೂ ವ್ಯವಸ್ಥೆಯಿದೆ. ಅಂತಿಮ ಪಂದ್ಯದಲ್ಲಿ ಎರಡು ತಂಡಗಳೂ ಸೇರಿ ಒಟ್ಟು ಎಷ್ಟು ಅಂಕ ಗಳಿಸುವುವೆಂದು ಹಾಳೆಯ ಅಡಿಯಲ್ಲಿ ಮೊದಲೇ ಬರೆದಿಡಬೇಕು. ಹತ್ತಿರದ ಸಂಖ್ಯೆಯವನಿಗೆ ಜಯ. 2011ರಲ್ಲಿ ಕನೆಕ್ಟಿಕಟ್ ಮತ್ತು ಬಟ್ಲರ್ ತಂಡಗಳು ಆಡಿದ ಪಂದ್ಯದ ಮೊತ್ತ 94. 2016ರಲ್ಲಿ ವಿಲನೋವ 77, ಉತ್ತರ ಕ್ಯಾರೊಲಿನ 74, ಒಟ್ಟು 151. 2025ರಲ್ಲಿ ಫ್ಲಾರಿಡ ತಂಡ ಹ್ಯೂಸ್ಟನ್ ತಂಡವನ್ನು 65-63ರಿಂದ ಸೋಲಿಸಿದಾಗ 128. ಗಂಟೆಗಟ್ಟಲೆ ಯೋಚಿಸಿ ಅರವತ್ತಮೂರು ಹೆಸರು ಬರೆದವನು ಈ ಒಂದು ಸಂಖ್ಯೆಯನ್ನು ಎದ್ದು ಹೋಗುವ ಅವಸರದಲ್ಲಿ ಗೀಚಿರುತ್ತಾನೆ. ಸಂಚಾಲಕ ಅದನ್ನು ನೋಡಿ, ಹಣ ಎಣಿಸಿ, ಅಂದು ರಾತ್ರಿಯೇ ಗೆದ್ದವನಿಗೆ ಒಪ್ಪಿಸುತ್ತಾನೆ. ಇನ್ನೂ ಹತ್ತು ಡಾಲರು ಬಾಕಿ ಉಳಿಸಿಕೊಂಡವರ ಹೆಸರುಗಳನ್ನು ಪಟ್ಟಿ ಮಾಡಿ ಮುಂದಿನ ಮಾರ್ಚಿಗೆಂದು ಎತ್ತಿಡುತ್ತಾನೆ.