ನೆನಪಿಗೆ ಯಾವ ರಾಗ?

ಭರತಮುನಿಯು ನಾಟ್ಯಶಾಸ್ತ್ರದಲ್ಲಿ 33 ಸಂಚಾರಿ ಭಾವಗಳನ್ನು ಎಣಿಸಿದ್ದಾನೆ. ಸ್ಮೃತಿಯು ಅವುಗಳಲ್ಲಿ ಒಂದು. ಸ್ಥಾಯಿಭಾವಗಳ ಸಾಲಿನಲ್ಲಿ ಅದಕ್ಕೆ ಎಡೆಯಿಲ್ಲ. ನೆನಪು ಬರುತ್ತದೆ, ಹೋಗುತ್ತದೆ. ರತಿಯೊಡನೆ ಬಂದರೆ ಶೃಂಗಾರವನ್ನು ಪೋಷಿಸುತ್ತದೆ, ಶೋಕದೊಡನೆ ಬಂದರೆ ಕರುಣವನ್ನು, ಉತ್ಸಾಹದೊಡನೆ ಬಂದರೆ ವೀರವನ್ನು. ತನ್ನದೇ ಆದ ರಸವೊಂದು ಅದಕ್ಕಿಲ್ಲ. ತರಗತಿಯಲ್ಲಿ ಎಷ್ಟೋ ವರ್ಷ ಹೇಳಿಕೊಂಡು ಬಂದ ಈ ಪಾಠ ನನಗೆ ಈಚೆಗೆ ಒಂದು ಸಂದರ್ಭದಲ್ಲಿ ತುಂಬ ಕೆಲಸಕ್ಕೆ ಬಂತು. ಆ ಸಂದರ್ಭ ಕಾವ್ಯದ್ದಲ್ಲ, ನಾಟಕದ್ದೂ ಅಲ್ಲ. ಕಂಪ್ಯೂಟರಿನಲ್ಲಿ ಆಡುವ ಬಂದೂಕಿನ ಆಟಗಳದ್ದು.

ನಡೆದದ್ದು ಇಷ್ಟು. ಇಪ್ಪತ್ತೈದು ವರ್ಷಗಳ ಹಿಂದೆ ಬೆಂಗಳೂರಿನ ಒಂದೇ ಹಾಸ್ಟೆಲಿನಲ್ಲಿದ್ದ ನಾವು ಏಳೆಂಟು ಮಂದಿ ಮತ್ತೊಮ್ಮೆ ಒಂದೆಡೆ ಸೇರಬೇಕೆಂದು ನಿಶ್ಚಯಿಸಿದೆವು. ಆ ಕಾಲದಲ್ಲಿ ನಮ್ಮ ರಾತ್ರಿಗಳನ್ನು ನುಂಗಿದ ಆಟಗಳ ದೃಶ್ಯಗಳನ್ನು ಪೋಣಿಸಿ ಹತ್ತು ನಿಮಿಷದ ವಿಡಿಯೋ ಒಂದನ್ನು ಸಿದ್ಧಪಡಿಸುವುದೆಂದೂ, ಅದಕ್ಕೆ ಸಂಗೀತವನ್ನು ಆಯುವ ಹೊಣೆ ಮೇಷ್ಟರಾದ ನನ್ನದೆಂದೂ ತೀರ್ಮಾನವಾಯಿತು. ದೃಶ್ಯಗಳನ್ನು ಜೋಡಿಸುವುದು ಎರಡು ಸಂಜೆಗಳಲ್ಲಿ ಮುಗಿಯಿತು. ಸಂಗೀತ ಆರು ವಾರ ಹಿಡಿಯಿತು.

ಈ ಆಟಗಳನ್ನು ಕಾಣದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ತೆರೆಯ ಮೇಲೆ ಮೂಡುವುದು ಆಟಗಾರನ ಕಣ್ಣಿಗೆ ಕಾಣುವ ಲೋಕ. ಕೆಳಗಡೆ ಅವನ ಕೈಯಲ್ಲಿನ ಬಂದೂಕು. ಎದುರಿಗೆ ಬರುವುದು ದೆವ್ವವೋ, ಶತ್ರುವಿನ ಸೈನಿಕನೋ. 1992ರ ವುಲ್ಫೆನ್‌ಸ್ಟೈನ್ 3ಡಿ, 1993ರ ಡಿಸೆಂಬರಿನ ಡೂಮ್, 1996ರ ಕ್ವೇಕ್ ಎಂಬ ಮೂರು ಆಟಗಳು ಈ ಪ್ರಕಾರಕ್ಕೆ ರೂಪ ಕೊಟ್ಟವು. ಮೂರನ್ನೂ ತಯಾರಿಸಿದ್ದು ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿ. 1998ರಲ್ಲಿ ಹಾಫ್-ಲೈಫ್ ಬಂತು. ಮರುವರ್ಷವೇ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬಿಬ್ಬರು ಅದನ್ನು ಮಾರ್ಪಡಿಸಿ ಕೌಂಟರ್-ಸ್ಟ್ರೈಕ್ ಎಂಬ ಬೇರೊಂದು ಆಟವನ್ನೇ ಕಟ್ಟಿದರು. ಇವು ಹುಡುಗರ ಹುಚ್ಚು ಎಂದು ತಳ್ಳಿಹಾಕುವ ಕಾಲ ಕಳೆದುಹೋಗಿದೆ. 2015ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರಿನಲ್ಲಿರುವ ಸ್ಟ್ರಾಂಗ್ ವಸ್ತುಸಂಗ್ರಹಾಲಯವು ವಿಡಿಯೋ ಆಟಗಳಿಗೊಂದು ಕೀರ್ತಿಮಂದಿರವನ್ನು ಆರಂಭಿಸಿದಾಗ, ಮೊದಲು ಪ್ರವೇಶ ಪಡೆದ ಆರು ಆಟಗಳಲ್ಲಿ ಡೂಮ್ ಒಂದಾಗಿತ್ತು.

ಸಂಗೀತದ ವಿಷಯದಲ್ಲಿ ಗೆಳೆಯರ ಸಲಹೆಯೆಲ್ಲ ಒಂದೇ ಧಾಟಿಯದು. ಮೆಲ್ಲನೆ ನುಡಿಸಿದ ಪಿಯಾನೋ ಇರಲಿ. ಇಲ್ಲವೇ ಒಂದು ದುಃಖದ ಹಾಡು ಇರಲಿ. ಇದಕ್ಕೊಂದು ಪ್ರಸಿದ್ಧವಾದ ಮೇಲ್ಪಂಕ್ತಿಯೂ ಇದೆ. 2006ರಲ್ಲಿ ಗಿಯರ್ಸ್ ಆಫ್ ವಾರ್ ಎಂಬ ಅಬ್ಬರದ ಯುದ್ಧದ ಆಟದ ಜಾಹೀರಾತಿಗೆ ಗ್ಯಾರಿ ಜೂಲ್ಸ್ ಪಿಸುದನಿಯಲ್ಲಿ ಹಾಡಿದ ‘ಮ್ಯಾಡ್ ವರ್ಲ್ಡ್’ ಎಂಬ ಗೀತೆಯನ್ನು ಅಳವಡಿಸಿದರು. ಪಾಳುಬಿದ್ದ ನಗರದಲ್ಲಿ ಒಬ್ಬಂಟಿ ಸೈನಿಕ ಓಡುತ್ತಾನೆ. ಬಂದೂಕಿನ ಮೊರೆತದ ಬದಲು ಹಾಡು ಕೇಳಿಸುತ್ತದೆ. ನೋಡಿದವರು ಬೆರಗಾದರು. ಆ ಗೀತೆಯ ಚರಿತ್ರೆಯೂ ಸ್ವಾರಸ್ಯವಾದದ್ದು. 1982ರಲ್ಲಿ ಟಿಯರ್ಸ್ ಫಾರ್ ಫಿಯರ್ಸ್ ಎಂಬ ಆಂಗ್ಲ ವೃಂದ ಅದನ್ನು ಚುರುಕಾದ ಗತಿಯಲ್ಲಿ ಹಾಡಿತ್ತು. ‘ಡಾನಿ ಡಾರ್ಕೊ’ ಎಂಬ 2001ರ ಚಲನಚಿತ್ರಕ್ಕಾಗಿ ಅದನ್ನು ವಿಳಂಬಗೊಳಿಸಿ ಮತ್ತೆ ಹಾಡಿಸಿದರು. ಗತಿ ಬದಲಾದೊಡನೆ ರಸವೂ ಬದಲಾಯಿತು.

ಒಮ್ಮೆ ಮಾಡಿದ್ದು ಚಮತ್ಕಾರ; ಎಲ್ಲರೂ ಮಾಡತೊಡಗಿದರೆ ಅದು ಚಾಳಿ. ನಾನು ಒಂದು ಪಿಯಾನೋ ವಾದನವನ್ನು ನಮ್ಮ ದೃಶ್ಯಗಳ ಕೆಳಗೆ ಇಟ್ಟು ನೋಡಿದೆ. ಡೂಮ್‌ಗೂ ಹೊಂದಿತು, ಕ್ವೇಕ್‌ಗೂ ಹೊಂದಿತು. ಎಲ್ಲಕ್ಕೂ ಹೊಂದಿದ್ದೇ ನನ್ನಲ್ಲಿ ಅನುಮಾನವನ್ನು ಹುಟ್ಟಿಸಿತು. ಮದುವೆಯ ಚಿತ್ರಕ್ಕೂ ನಿವೃತ್ತರ ಬೀಳ್ಕೊಡುಗೆಗೂ ಸಮನಾಗಿ ಒಪ್ಪುವ ಸಂಗೀತ ಇವುಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಗಮಕಿಗಳು ಕುಮಾರವ್ಯಾಸ ಭಾರತವನ್ನು ವಾಚಿಸುವುದನ್ನು ಕೇಳಿದವರಿಗೆ ಈ ಮಾತು ಕೂಡಲೆ ಮನಸ್ಸಿಗೆ ಹತ್ತುತ್ತದೆ. ಛಂದಸ್ಸು ಒಂದೇ, ಭಾಮಿನಿ ಷಟ್ಪದಿ. ಸಂದರ್ಭ ತಿರುಗಿದಂತೆಲ್ಲ ರಾಗ ತಿರುಗುತ್ತದೆ. ಎಂದೋ ನಡೆದುಹೋದ ಕತೆ ಎಂಬ ಕಾರಣಕ್ಕಾಗಿ ಅವರು ಇಡೀ ಪರ್ವವನ್ನು ಮುಖಾರಿಯಲ್ಲಿ ಹಾಡುವುದಿಲ್ಲ. ಕಳೆದುಹೋಯಿತು ಎಂಬ ಮಾತ್ರಕ್ಕೆ ಕಾಲ ಕರುಣರಸದ ವಸ್ತುವಾಗುವುದಿಲ್ಲ. ನಾವು ಡೂಮ್ ಆಡುವಾಗ ದುಃಖಿಸುತ್ತಿರಲಿಲ್ಲ, ಕೇಕೆ ಹಾಕುತ್ತಿದ್ದೆವು. ಆ ಕೇಕೆಯನ್ನು ನೆನೆಯುವ ಸಂಗೀತ ಕೇಕೆಗೆ ತಕ್ಕದ್ದಾಗಿರಬೇಕು.

ಆದುದರಿಂದ ಒಂದೊಂದು ಆಟದ ಸ್ಥಾಯಿ ಯಾವುದೆಂದು ಹುಡುಕುತ್ತ ಹೊರಟೆ. ಡೂಮ್‌ಗೆ ಸಂಗೀತವನ್ನು ರಚಿಸಿದವರು ಬಾಬಿ ಪ್ರಿನ್ಸ್, ವಕೀಲಿ ಓದಿದವರು. ಆಟವನ್ನು ತಯಾರಿಸಿದವರಿಗೆ ಹೆವಿ ಮೆಟಲ್ ಎಂಬ ಅಬ್ಬರದ ಗಿಟಾರ್ ಸಂಗೀತವೇ ಬೇಕಾಗಿತ್ತು. ಎಲ್ಲ ಹಂತಗಳಿಗೂ ಅದು ಒಪ್ಪುವುದಿಲ್ಲವೆಂದು ಪ್ರಿನ್ಸರಿಗೆ ತೋರಿತು. ಮೊದಲನೆಯ ಹಂತಕ್ಕೆ ಅವರು ನುಗ್ಗಿ ಬರುವಂಥ ವಾದನವನ್ನೇ ಕೊಟ್ಟರು. ಮುಂದೆ ಕತ್ತಲೆಯ ಓಣಿಗಳು ಬಂದಾಗ ಕೆಲವೆಡೆ ನಿಧಾನವಾಗಿ ತೆವಳುವ, ಭಯವನ್ನು ಹೆಣೆಯುವ ಸ್ವರಗಳನ್ನು ಕೊಟ್ಟರು. ಔಚಿತ್ಯವನ್ನು ಕುರಿತು ಕ್ಷೇಮೇಂದ್ರ ಬರೆದದ್ದನ್ನು ಅವರು ಓದಿರಲಾರರು. ಓದಿದ್ದರೆ ತಲೆದೂಗುತ್ತಿದ್ದರು.

ಇಲ್ಲಿ ಒಂದು ತೊಡಕು ಎದುರಾಯಿತು. ಡೂಮ್ ಆಟದ ಕಡತದೊಳಗೆ ಇರುವುದು ನಾದವಲ್ಲ, ನಾದಕ್ಕೆ ಸೂಚನೆ: ಯಾವ ಸ್ವರ, ಯಾವ ವಾದ್ಯ, ಎಷ್ಟು ಹೊತ್ತು ಎಂಬ ಲೆಕ್ಕ. ನಮ್ಮ ಸ್ವರಲಿಪಿ ಇದ್ದಂತೆ. ನುಡಿಸುವ ಕೆಲಸ ಆಯಾ ಕಂಪ್ಯೂಟರಿನ ಸೌಂಡ್ ಕಾರ್ಡಿನದು. ಸೌಂಡ್ ಬ್ಲಾಸ್ಟರ್ ಕಾರ್ಡಿನಲ್ಲಿದ್ದ ಯಮಾಹಾ ಚಿಪ್ ಸ್ವರಗಳನ್ನು ತಾನೇ ಹುಟ್ಟಿಸುತ್ತಿತ್ತು. ಆ ದನಿ ತಗಡನ್ನು ಬಡಿದಂತೆ ಒರಟು. ಬೆಲೆಬಾಳುವ ರೋಲ್ಯಾಂಡ್ ಎಸ್‌ಸಿ-55 ಎಂಬ ಉಪಕರಣವಿದ್ದವರಿಗೆ ಅದೇ ಸೂಚನೆಗಳಿಂದ ನಿಜವಾದ ವಾದ್ಯಗಳಿಗೆ ಹತ್ತಿರವಾದ ನಾದ ಕೇಳುತ್ತಿತ್ತು. ಇಂದು ಎರಡೂ ಬಗೆಯ ಧ್ವನಿಮುದ್ರಣಗಳು ಸುಲಭವಾಗಿ ದೊರೆಯುತ್ತವೆ. ಯಾವುದು ನಿಜವಾದ ಡೂಮ್ ಸಂಗೀತ? ಕೃತಿಯೊಂದು ವೀಣೆಯಲ್ಲಿ ನಿಜವೋ ಹಾರ್ಮೋನಿಯಮ್ಮಿನಲ್ಲಿ ನಿಜವೋ ಎಂದು ಕೇಳಿದಂತೆ ಆ ಪ್ರಶ್ನೆ. ಸಂಗೀತದ ಗುಣವನ್ನು ನೋಡಿದರೆ ರೋಲ್ಯಾಂಡ್ ಮೇಲು. ಆದರೆ ಹಾಸ್ಟೆಲಿನಲ್ಲಿ ಯಾರೋ ಬಳಸಿ ಬಿಟ್ಟ ಯಂತ್ರವೊಂದೇ ನಮಗೆ ಗತಿಯಾಗಿತ್ತು. ನಮ್ಮ ಕಿವಿ ಕಂಡದ್ದು ತಗಡಿನ ದನಿಯನ್ನೇ. ಅದನ್ನೇ ಇಟ್ಟೆ. ಗೌರವ ಸಲ್ಲಿಸುವ ನೆಪದಲ್ಲಿ ಹಳೆಯದಕ್ಕೆ ಇಲ್ಲದ ಒಡವೆಯನ್ನು ತೊಡಿಸುವುದು ಸಲ್ಲದು.

ಕ್ವೇಕ್‌ನ ತೊಡಕು ಬೇರೆ ಬಗೆಯದು. ಅದರ ಸಂಗೀತ ನೈನ್ ಇಂಚ್ ನೇಲ್ಸ್ ವೃಂದದ ಟ್ರೆಂಟ್ ರೆಜ್ನರ್ ಅವರದು. ಅಲ್ಲಿ ರಾಗ, ತಾಳ ಎಂದು ಹಿಡಿಯಲು ಹೆಚ್ಚೇನೂ ಸಿಗುವುದಿಲ್ಲ. ಗವಿಯೊಳಗೆ ಯಂತ್ರವೊಂದು ಉಸಿರಾಡಿದಂತಿರುವ ಗುಂಗು, ದೂರದ ನರಳಾಟ. ಭಯಾನಕಕ್ಕೆ ಇದಕ್ಕಿಂತ ತಕ್ಕದ್ದನ್ನು ಕಾಣೆ. ಈ ಸಂಗೀತವಿದ್ದದ್ದು ಆಟದ ಸಿ.ಡಿ.ಯಲ್ಲಿ, ಹಾಡಿನ ಸಿ.ಡಿ.ಯಲ್ಲಿ ಇರುವಂತೆಯೇ ಬೇರೆ ಬೇರೆ ಟ್ರ್ಯಾಕುಗಳಾಗಿ. ಸಿ.ಡಿ. ಯಂತ್ರದೊಳಗೆ ಇದ್ದರೆ ಮಾತ್ರ ಅದು ಕೇಳುತ್ತಿತ್ತು. ನಮ್ಮಲ್ಲಿದ್ದದ್ದು ಒಬ್ಬರಿಂದೊಬ್ಬರಿಗೆ ದಾಟಿಬಂದ ಪ್ರತಿ, ಸಿ.ಡಿ.ಯನ್ನು ನಾವು ಕಣ್ಣಿನಿಂದಲೂ ಕಂಡವರಲ್ಲ. ಆದುದರಿಂದ ನಮ್ಮ ಕ್ವೇಕ್‌ಗೆ ಸಂಗೀತವೇ ಇರಲಿಲ್ಲ. ಬಾಗಿಲು ಸರಿಯುವ ಸದ್ದು, ನೀರಿನಲ್ಲಿ ಇಳಿದ ಸದ್ದು, ಆಸ್ಫೋಟ, ಇಷ್ಟೇ. ಈಗ ನಾನು ಯಾವುದಕ್ಕೆ ನಿಷ್ಠನಾಗಬೇಕು, ಕೃತಿಗೋ ನಮ್ಮ ನೆನಪಿಗೋ? ಬಹಳ ಯೋಚಿಸಿ ರೆಜ್ನರ್ ಅವರ ಪಕ್ಷವನ್ನೇ ಹಿಡಿದೆ. ಡೂಮ್‌ನಲ್ಲಿ ನಾವು ಕೇಳಿದ್ದು ಕೃತಿಯ ಒಂದು ಪಾಠಾಂತರ. ಕ್ವೇಕ್‌ನಲ್ಲಿ ಕೃತಿಯ ಅರ್ಧವೇ ನಮ್ಮನ್ನು ಮುಟ್ಟಿರಲಿಲ್ಲ. ಆ ಕಾಲದಲ್ಲಿ ಸಲ್ಲದ ಸಾಲವನ್ನು ಈಗಲಾದರೂ ತೀರಿಸೋಣವೆನ್ನಿಸಿತು.

ಇಷ್ಟರಲ್ಲಿ ನನ್ನ ಕೆಲಸವನ್ನು ನೋಡುತ್ತಿದ್ದ ಸಹೋದ್ಯೋಗಿಯೊಬ್ಬರು ಒಂದು ಪ್ರಶ್ನೆಯನ್ನು ಹಾಕಿದರು. ಅವರು ಚರಿತ್ರೆಯ ಅಧ್ಯಾಪಿಕೆ, ಮಾತು ಕಡಮೆ. “ಕೊಲ್ಲುವ ಚಿತ್ರಗಳ ಮೇಲೆ ಕಣ್ಣೀರು ಬರಿಸುವ ಹಾಡನ್ನು ಹಾಕುತ್ತೀರಲ್ಲ, ಆ ಕಣ್ಣೀರು ಯಾರಿಗಾಗಿ ಸಾರ್? ಸತ್ತವರಿಗೋ, ಕೊಂದವರಿಗೋ, ನಿಮ್ಮ ಯೌವನಕ್ಕೋ?” ಎಂದರು. ಪ್ರಶ್ನೆ ಲಘುವಾದುದಲ್ಲ. 1999ರ ಏಪ್ರಿಲಿನಲ್ಲಿ ಅಮೆರಿಕದ ಕೊಲೊರಾಡೊ ಸಂಸ್ಥಾನದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಸಹಪಾಠಿಗಳನ್ನು ಗುಂಡಿಕ್ಕಿ ಕೊಂದಾಗ, ಅವರು ಡೂಮ್ ಆಡುತ್ತಿದ್ದರೆಂಬುದು ದೇಶಾದ್ಯಂತ ಚರ್ಚೆಗೆ ಬಂತು. ಆಟ ಆ ಕೊಲೆಗೆ ಕಾರಣವೆಂದು ನಾನು ಒಪ್ಪುವುದಿಲ್ಲ. ಆದರೆ ಬಂದೂಕಿನ ಚಿತ್ರಕ್ಕೆ ಸಂಗೀತವನ್ನು ಹೊಂದಿಸುವವನಿಗೆ ಒಂದು ಎಚ್ಚರ ಇರಬೇಕೆಂಬುದನ್ನು ಒಪ್ಪುತ್ತೇನೆ. ದೆವ್ವವನ್ನು ಹೊಡೆಯುವ ಆಟಕ್ಕೆ ಶೋಕಗೀತೆ ಹಾಸ್ಯಾಸ್ಪದ. ಮನುಷ್ಯನನ್ನು ಹೊಡೆಯುವ ಆಟಕ್ಕೆ ಅದು ಮೋಸವೂ ಆಗಬಹುದು, ನಮ್ಮ ಕಣ್ಣೀರನ್ನು ನಾವೇ ಮೆಚ್ಚಿಕೊಳ್ಳುವ ಮೋಸ.

ಕರುಣ ಎಲ್ಲಿ ಸಲ್ಲುತ್ತದೆಂಬುದನ್ನು ಒಂದು ಆಟವೇ ತೋರಿಸಿಕೊಟ್ಟಿದೆ. ಎರಡನೆಯ ಮಹಾಯುದ್ಧವನ್ನು ವಸ್ತುವಾಗಿ ಉಳ್ಳ ಮೆಡಲ್ ಆಫ್ ಆನರ್ ಮಾಲೆಗೆ 1999ರಲ್ಲಿ ಸಂಗೀತ ಕೊಟ್ಟವರು ಮೈಕೇಲ್ ಜಿಯಾಕಿನೊ. ಮುಂದೆ ಚಲನಚಿತ್ರ ಸಂಗೀತದಲ್ಲಿ ದೊಡ್ಡ ಹೆಸರಾದವರು. 2002ರ ‘ಫ್ರಂಟ್‌ಲೈನ್’ ಎಂಬ ಭಾಗದಲ್ಲಿ ಆಟಗಾರ ಹಾಲೆಂಡಿನ ಆರ್ನ್‌ಹೆಮ್ ನಗರದ ಹಾಳುಬೀದಿಗಳನ್ನು ಹೊಗುತ್ತಾನೆ. 1944ರ ಸೆಪ್ಟೆಂಬರಿನಲ್ಲಿ ಮಿತ್ರಪಕ್ಷದ ಸೈನಿಕರು ಅಲ್ಲಿಯ ಸೇತುವೆಯನ್ನು ಹಿಡಿಯಹೋಗಿ ಸೋತುಹೋದರು. ಆ ಬೀದಿಯಲ್ಲಿ ಕೇಳುವುದು ರಣಭೇರಿಯಲ್ಲ. ಪ್ರಾರ್ಥನೆಯಂತೆ ನಿಧಾನವಾಗಿ ಮೇಲೇಳುವ ಮೇಳಗಾನ. ಆಟಗಾರ ಗುಂಡು ಹಾರಿಸುತ್ತಲೇ ಇರುತ್ತಾನೆ. ಸಂಗೀತ ಅವನ ಜಯವನ್ನು ಲೆಕ್ಕಿಸದೆ ಸತ್ತವರ ಕಡೆಗೆ ತಿರುಗಿರುತ್ತದೆ. ಇಲ್ಲಿ ಸತ್ತವರು ನಿಜವಾಗಿ ಇದ್ದವರು. ನಮ್ಮ ವಿಡಿಯೋದಲ್ಲಿ ಕರುಣಕ್ಕೆ ಬಿಟ್ಟ ಒಂದೂವರೆ ನಿಮಿಷವನ್ನು ಈ ಗಾನಕ್ಕೇ ಕೊಟ್ಟೆ. ಅಧ್ಯಾಪಿಕೆಯವರು ಕೇಳಿ, “ಇದಾದರೆ ಸರಿ” ಎಂದರು.

ಉಳಿದದ್ದು ಕೌಂಟರ್-ಸ್ಟ್ರೈಕ್. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಹೊತ್ತು ಕಳೆದವರಿಗೆ ಇದರ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಪಕ್ಷಗಳು, ಒಂದು ಬಾಂಬನ್ನು ಇಡಬೇಕು, ಇನ್ನೊಂದು ಅದನ್ನು ತಡೆಯಬೇಕು. ಆಟ ನಡೆಯುವಾಗ ಸಂಗೀತವೇ ಇಲ್ಲ. ಯಾರದೋ ಸಿ.ಡಿ. ಸಿಕ್ಕದ್ದರಿಂದಲ್ಲ, ಇರಬಾರದೆಂದೇ ಇಲ್ಲ. ಗೋಡೆಯ ಆಚೆಗೆ ಹೆಜ್ಜೆಯ ಸಪ್ಪಳ ಎಡಕ್ಕೆ ಬಂತೋ ಬಲಕ್ಕೆ ಹೋಯಿತೋ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಇಟ್ಟ ಬಾಂಬು ಮಿಡಿಯುತ್ತದೆ. ಹೊತ್ತು ಮೀರಿದಂತೆ ಆ ಮಿಡಿತ ಚುರುಕಾಗುತ್ತದೆ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ರಚಿಸಿದ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ನಾಲ್ಕೇ ಸ್ವರಗಳು ಸುತ್ತಿ ಸುತ್ತಿ ಬರುತ್ತಿದ್ದವು. ಶತ್ರುಗಳು ಕಡಮೆಯಾದಂತೆ ವೇಗ ಹೆಚ್ಚುತ್ತಿತ್ತು. ಎದೆಬಡಿತದ ಈ ಹಳೆಯ ಉಪಾಯ ಇಲ್ಲಿ ಒಂದೇ ಸ್ವರಕ್ಕೆ ಇಳಿದಿದೆ.

ನಮ್ಮ ಗುಂಪಿನಲ್ಲಿ ಈ ಆಟವನ್ನು ಬಲ್ಲವನೆಂದರೆ ಒಬ್ಬನೇ. ಹಾಸನದ ಕಡೆಯ ಹುಡುಗ. ಕಣ್ಣಿಗಿಂತ ಕಿವಿಯಿಂದ ಆಡುತ್ತಿದ್ದ. “ಸದ್ದು ಮಾಡಬೇಡ್ರೋ, ಹೆಜ್ಜೆ ಕೇಳಿಸ್ತಿದೆ” ಎಂದು ನಮ್ಮನ್ನೆಲ್ಲ ಸುಮ್ಮನಿರಿಸುತ್ತಿದ್ದ. ಮೂರು ವರ್ಷಗಳ ಹಿಂದೆ ಅವನು ತೀರಿಕೊಂಡ. ವಿಡಿಯೋದ ಯೋಚನೆ ಹುಟ್ಟಿದ್ದೇ ಅವನ ನೆನಪಿನಿಂದ. ದುಃಖದ ಹಾಡಿಗಾಗಿ ಗೆಳೆಯರು ಹಟ ಹಿಡಿದದ್ದೂ ಅದಕ್ಕಾಗಿಯೇ. ಅವರ ಹಟವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಹೆಜ್ಜೆಯ ಸದ್ದನ್ನು ಕೇಳುವುದಕ್ಕಾಗಿ ಎಲ್ಲರ ಬಾಯಿ ಮುಚ್ಚಿಸಿದವನ ನೆನಪಿನ ಮೇಲೆ ಹಾಡನ್ನು ಸುರಿಯುವುದು ಹೇಗೆ? ಆ ಆಟದಲ್ಲಿ ಸತ್ತವನು ಹೊರಟುಹೋಗುವುದಿಲ್ಲ. ಸುತ್ತು ಮುಗಿಯುವ ತನಕ ಬದುಕಿರುವ ಗೆಳೆಯರ ಬೆನ್ನ ಹಿಂದಿನಿಂದ ಆಟವನ್ನು ನೋಡುತ್ತಿರುತ್ತಾನೆ. ಆ ಹೊತ್ತಿನಲ್ಲಿ ಅವನಿಗೆ ಕೇಳುವುದು ಅವರ ಹೆಜ್ಜೆಗಳು ಮಾತ್ರ.

ಅಲ್ಲಿ ನಲವತ್ತು ಸೆಕೆಂಡು ಸಂಗೀತವನ್ನು ತೆಗೆದುಬಿಟ್ಟೆ. ಕಲ್ಲುಹಾಸಿನ ಮೇಲೆ ಒಬ್ಬ ನಡೆಯುತ್ತಾನೆ, ನಿಲ್ಲುತ್ತಾನೆ, ಮತ್ತೆ ನಡೆಯುತ್ತಾನೆ, ಅಷ್ಟೇ. ಕರಡನ್ನು ಕಳುಹಿಸಿದ ರಾತ್ರಿ ಒಬ್ಬ ಗೆಳೆಯ ಫೋನು ಮಾಡಿ, ಏಳನೆಯ ನಿಮಿಷದಲ್ಲಿ ಆಡಿಯೋ ಹೋಗಿದೆ, ಸರಿಮಾಡು ಎಂದ. ಇನ್ನೊಬ್ಬ, ಸೈಬರ್ ಕೆಫೆಯಲ್ಲಿ ಅವನ ಪಕ್ಕದ ಕುರ್ಚಿ ಬಿಟ್ಟು ಏಳದವನು, ಆ ಭಾಗಕ್ಕೆ ಏನನ್ನೂ ಸೇರಿಸಬೇಡ ಎಂದಷ್ಟೇ ಬರೆದ. ವಾದ ಇನ್ನೂ ತೀರಿಲ್ಲ. ಹಾಡು ಬೇಕೆನ್ನುವವರಿಗೆ ನಾನು ಕೊಟ್ಟಿರುವ ಉತ್ತರ ಒಂದೇ: ಇನ್ನೊಮ್ಮೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ.