ಹಸಿರು ನೀರಿನ ಕೊಯ್ಲು

ಯಲಹಂಕದ ಕಡೆಯಿಂದ ಬರುವ ಕೊಳಚೆನೀರನ್ನು ಬೆಂಗಳೂರಿನ ಜಕ್ಕೂರಿನಲ್ಲಿ ಜಲಮಂಡಳಿಯ ಕೊಳಚೆನೀರು ಶುದ್ಧೀಕರಣ ಘಟಕ (ಎಸ್‌ಟಿಪಿ) ಶುದ್ಧೀಕರಿಸುತ್ತದೆ. ಆದರೆ ಹೊರಬಿದ್ದ ನೀರು ನೇರವಾಗಿ ಕೆರೆಗಿಳಿಯುವುದಿಲ್ಲ. ಜೊಂಡು ಬೆಳೆದ ಜೌಗನ್ನೂ ಪಾಚಿಕೊಳವನ್ನೂ ಹಾದುಕೊಂಡೇ ಅದು ಸುಮಾರು 160 ಎಕರೆಯ ಜಕ್ಕೂರು ಕೆರೆಯನ್ನು ಸೇರಬೇಕು. ಎಸ್‌ಟಿಪಿ ಬಿಟ್ಟುಕೊಟ್ಟ ಸಾರಜನಕ, ರಂಜಕಗಳನ್ನು ಈ ದಾರಿಯಲ್ಲಿ ಗಿಡವೂ ಪಾಚಿಯೂ ಹೀರಿಕೊಳ್ಳುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಈ ವ್ಯವಸ್ಥೆಯನ್ನು ಅಧ್ಯಯನ ಮಾಡಿ, ನಗರದ ಉಳಿದ ಕೆರೆಗಳಿಗೂ ಮಾದರಿಯೆಂದು ಎತ್ತಿ ತೋರಿಸಿದ್ದಾರೆ. ಆ ಮಾತನ್ನು ನಾನು ಪೂರಾ ಒಪ್ಪುತ್ತೇನೆ.

ಆದರೂ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ರಂಜಕ ತಿಂದು ಬೆಳೆದ ಪಾಚಿ ನೀರಿನಲ್ಲೇ ಸತ್ತರೆ ತಿಂದದ್ದೆಲ್ಲ ನೀರಿಗೇ ವಾಪಸು. ಪಾಚಿಯನ್ನು ಹೊರತೆಗೆದಾಗ ಮಾತ್ರ ಕೆರೆಯ ಭಾರ ನಿಜವಾಗಿ ಇಳಿಯುತ್ತದೆ. ಜೊಂಡನ್ನಾದರೆ ಕುಡುಗೋಲಿನಿಂದ ಕೊಯ್ಯಬಹುದು. ಸೂಕ್ಷ್ಮಪಾಚಿಯನ್ನು ಕೊಯ್ಯುವುದು ಹೇಗೆ? ಕ್ಲೋರೆಲ್ಲಾದಂಥ ಪಾಚಿಯ ಒಂದು ಕೋಶ ಮಿಲಿಮೀಟರಿನ ನೂರನೇ ಒಂದು ಭಾಗವನ್ನೂ ಮೀರುವುದು ಅಪರೂಪ. ಕಡುಹಸಿರಾಗಿ ಕಾಣುವ ತೆರೆದ ಕೊಳದಲ್ಲೂ ಲೀಟರಿಗೆ ಅರ್ಧ ಗ್ರಾಂ ಒಣ ಪಾಚಿ ಸಿಕ್ಕರೆ ಹೆಚ್ಚು. ಒಂದು ಕಿಲೋ ಬೇಕೆಂದರೆ ಎರಡು ಸಾವಿರ ಲೀಟರ್ ನೀರನ್ನು ಬೇರ್ಪಡಿಸಬೇಕು. ಅಷ್ಟನ್ನೂ ಸೆಂಟ್ರಿಫ್ಯೂಜ್‌ಗೆ ಹಾಕಿದರೆ ವಿದ್ಯುತ್ ಬಿಲ್ಲೇ ಬೆಳೆಯನ್ನು ನುಂಗಿಬಿಡುತ್ತದೆ.

ಈ ಕಷ್ಟವನ್ನು ಮೈಸೂರು ಅರ್ಧ ಶತಮಾನದ ಹಿಂದೆಯೇ ಕಂಡಿತ್ತು. 1970ರ ದಶಕದಲ್ಲಿ ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ), ಜರ್ಮನಿಯ ಸಹಯೋಗದಲ್ಲಿ ಸೆನೆಡೆಸ್ಮಸ್ ಎಂಬ ಹಸಿರು ಪಾಚಿಯನ್ನು ಆಹಾರಕ್ಕಾಗಿ ಬೆಳೆಸುತ್ತಿತ್ತು. 1980ರಲ್ಲಿ ನಿಗಮ್, ರಾಮನಾಥನ್ ಮತ್ತು ಎಲ್.ವಿ. ವೆಂಕಟರಾಮನ್ ಆ ಪಾಚಿಯನ್ನು ಕೈಟೊಸಾನ್ ಬಳಸಿ ತಳಕ್ಕಿಳಿಸುವ ಪ್ರಯೋಗವನ್ನು ಪ್ರಕಟಿಸಿದರು. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಪಾಲಿಮರ್ ಅದು. ಇಂದಿಗೂ ಆ ಕೆಲಸದ ಬೆಲೆ ಕುಂದಿಲ್ಲ. ಮುಂದೆ ಸಿಎಫ್‌ಟಿಆರ್‌ಐ ಹೆಸರು ಮಾಡಿದ್ದು ಸ್ಪಿರುಲಿನಾದಿಂದ. ದಾರದಂತೆ ಉದ್ದನೆಯ ಅದನ್ನು ಬಟ್ಟೆಯಲ್ಲೇ ಸೋಸಬಹುದು. ಜಕ್ಕೂರಿನಂಥ ಕೊಳದಲ್ಲಿ ತಾನಾಗಿ ಹುಟ್ಟುವ ಪಾಚಿಗೆ ಆ ಅನುಕೂಲವಿಲ್ಲ.

ಇಂಥ ಪಾಚಿಯ ಕೋಶಗಳ ಮೈಮೇಲೆ ಋಣ ವಿದ್ಯುದಂಶವಿರುತ್ತದೆ; ಒಂದನ್ನೊಂದು ದೂಡುತ್ತ ತೇಲಾಡುತ್ತವೆ. ಕೈಟೊಸಾನ್‌ನಂಥ, ಧನ ವಿದ್ಯುದಂಶದ ಉದ್ದನೆಯ ಪಾಲಿಮರ್ ಎಳೆ ಸೇರಿತೆಂದರೆ ಆ ದೂಡಾಟ ಅಡಗುತ್ತದೆ. ಒಂದೇ ಎಳೆ ಹಲವು ಕೋಶಗಳಿಗೆ ಅಂಟಿ, ಗರಣೆಗಟ್ಟಿ, ಭಾರವಾಗಿ ಕೆಳಗಿಳಿಯುತ್ತದೆ. ಪ್ರಮಾಣ ಮಾತ್ರ ತಪ್ಪಬಾರದು. ಅತಿಯಾಗಿ ಸುರಿದರೆ ಕೋಶಗಳೆಲ್ಲ ಧನ ವಿದ್ಯುದಂಶ ಹೊದ್ದು ಮತ್ತೆ ದೂರ ಸರಿಯುತ್ತವೆ, ನೀರು ಮತ್ತೆ ಹಸಿರಾಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಹಾಕಿದ ಪಾಲಿಮರ್ ಬಹುಪಾಲು ಕೊಯ್ದ ಪಾಚಿಯೊಳಗೇ ಉಳಿಯುತ್ತದೆ. ಎಸ್‌ಟಿಪಿಗಳಲ್ಲಿ ಕೆಸರಿನ ನೀರು ಹಿಂಡಲು ಬಳಸುವ ಪಾಲಿಅಕ್ರಿಲಮೈಡ್ ಅಗ್ಗ, ಚುರುಕು. ಆದರೆ ಮಣ್ಣಿನಲ್ಲಿ ಬೇಗ ಕೊಳೆಯದು. ಅದರಲ್ಲಿ ಉಳಿದಿರಬಹುದಾದ ಅಕ್ರಿಲಮೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲ ಸಂಭವವಿರುವ ವಸ್ತುಗಳ ಸಾಲಿಗೆ ಸೇರಿಸಿದೆ. ಪಟಿಕ ಹಾಕಿದರೆ ಪಾಚಿಯ ಜೊತೆ ಅಲ್ಯುಮಿನಿಯಂ ಬರುತ್ತದೆ. ಇಂಥ ಪಾಚಿಯನ್ನು ಮೀನಿಗೆ ಹಾಕುವ ಮಾತೆತ್ತಬಾರದು. ಹೊಲಕ್ಕೆ ಹಾಕುವ ಮುನ್ನವೂ ಯೋಚಿಸಬೇಕು. ಆದ್ದರಿಂದ ಪಾಚಿ ಎಲ್ಲಿಗೆ ಹೋಗುತ್ತದೆಂದು ಮೊದಲು ನಿಶ್ಚಯಿಸಿ, ಪಾಲಿಮರನ್ನು ಆಮೇಲೆ ಆರಿಸಬೇಕು. ಕೊಳಚೆಯಲ್ಲಿ ಬೆಳೆದದ್ದಾದ್ದರಿಂದ ಭಾರಲೋಹಗಳ ಪರೀಕ್ಷೆಯಂತೂ ತಪ್ಪಿಸುವಂತಿಲ್ಲ.

ಕೈಟೊಸಾನ್ ಮಣ್ಣಿನಲ್ಲಿ ಕೊಳೆತುಹೋಗುತ್ತದೆ. ಆದರೆ ದುಬಾರಿ, ನೀರು ಕ್ಷಾರವಾದರೆ ಅದರ ವಿದ್ಯುದಂಶವೂ ಕುಗ್ಗುತ್ತದೆ. ಬಿಸಿಲೇರಿದಂತೆ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿ ಕೊಳದ ಪಿಎಚ್ ಅನ್ನು 9ರಾಚೆಗೂ ಏರಿಸಬಲ್ಲದು. ಧನ ವಿದ್ಯುದಂಶ ಕಟ್ಟಿದ ಪಿಷ್ಟಕ್ಕೆ ಈ ತೊಂದರೆ ಕಡಿಮೆ. ಎರಡರಲ್ಲಿ ಯಾವುದು ಮೇಲೆಂದು ಪರೀಕ್ಷಿಸಿಯೇ ತಿಳಿಯಬೇಕು. ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯ ಜಕ್ಕೂರಿಗೆ ಹತ್ತಿರದಲ್ಲೇ ಇದೆ. ಗೊಬ್ಬರ ಪರೀಕ್ಷೆಗೆ ಬೇಕಾದ ಮಣ್ಣು ವಿಜ್ಞಾನಿಗಳು ಅಲ್ಲೇ ಇದ್ದಾರೆ. ಅವರು ಪಾಚಿಕೊಳದ ನೀರನ್ನು ನಸುಕಿನಲ್ಲೊಮ್ಮೆ, ಮೂರು ಗಂಟೆಯ ಬಿಸಿಲಿನಲ್ಲೊಮ್ಮೆ ತಂದು, ಸಾಲು ಬೀಕರುಗಳಲ್ಲಿ ಕೈಟೊಸಾನ್ ಮತ್ತು ಪಿಷ್ಟವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ನೋಡಲಿ. ತಳಕ್ಕಿಳಿದ ಪಾಚಿಯನ್ನು ಒಣಗಿಸಿ, ಒಂದೊಂದು ಮಡಿ ರಾಗಿಗೆ ಕೊಟ್ಟು, ಒಂದು ಹಂಗಾಮು ಪೂರ್ತಿ ಬೆಳೆಯನ್ನು ಅಳೆಯಲಿ.