ರಜೆಗೆ ಬಂದ ನೆಂಟರಿಗೆ ತಂಪು ತಂಪು ಪಾನೀಯ: ನೀವೂ ಒಂದು ಲೋಟ ಹಿಡಿದು ಕೂರಿ

ಪರೀಕ್ಷೆ ಮುಗಿದು ಮಕ್ಕಳಿಗೆ ಬೇಸಿಗೆ ರಜೆ ಸಿಕ್ಕಿತೆಂದರೆ ಸಾಕು, ಮನೆ ತುಂಬ ಜನ. ನಾದಿನಿ, ಆಕೆಯ ಮಕ್ಕಳು, ಊರಿನಿಂದ ಚಿಕ್ಕಪ್ಪ-ಚಿಕ್ಕಮ್ಮ, ಪಕ್ಕದ ಬಡಾವಣೆಯ ಅಕ್ಕ-ಭಾವ... ಹೊರಗೆ ಸುಡು ಬಿಸಿಲು. ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುವುದು ಒಂದೇ ಮಾತು, "ಸ್ವಲ್ಪ ತಣ್ಣಗೆ ಏನಾದ್ರೂ ಕೊಡಮ್ಮಾ!"

ಅಲ್ಲಿಂದ ಶುರುವಾಗುತ್ತದೆ ನಿಮ್ಮ ಓಡಾಟ. ನಿಂಬೆಹಣ್ಣು ಹಿಂಡು, ಸಕ್ಕರೆ ಕರಗಿಸು, ಸೋಸು, ಲೋಟ ತೊಳೆ. ಒಂದು ಸರದಿ ಕೊಟ್ಟು ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಇನ್ನೊಂದು ಆಟೋ ನಿಂತಿರುತ್ತದೆ. ಹಾಲ್‌ನಲ್ಲಿ ಹರಟೆ, ನಗು ಎಲ್ಲ ಜೋರಾಗಿ ನಡೆದಿರುತ್ತದೆ, ನೀವು ಮಾತ್ರ ಮಿಕ್ಸಿ ಮುಂದೆ. ಸಂಜೆ ಎಲ್ಲರೂ ಹೊರಟು ನಿಂತಾಗಲೇ ನೆನಪಾಗುವುದು: ಅಯ್ಯೋ, ಅಕ್ಕನ ಹತ್ತಿರ ನಾಲ್ಕು ಮಾತು ಆಡಲೇ ಇಲ್ಲವಲ್ಲ!

ಈ ಬಾರಿ ಹಾಗಾಗುವುದು ಬೇಡ. ಉಪಾಯ ಸುಲಭ. ಪಾನಕದ ಗಟ್ಟಿ ರಸವನ್ನು ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಟ್ಟುಬಿಡಿ. ನೆಂಟರು ಬಂದ ದಿನ ಉಳಿಯುವುದು ನೀರು ಬೆರೆಸುವ ಕೆಲಸ ಮಾತ್ರ. ಅದನ್ನು ಹತ್ತು ವರ್ಷದ ಮಗನೂ ಮಾಡಬಲ್ಲ, ಪೇಪರ್ ಓದುತ್ತಾ ಕೂತ ಯಜಮಾನರೂ ಮಾಡಬಲ್ಲರು!

ಮೊದಲು ಲೆಕ್ಕ

ಬೇಸಿಗೆಯಲ್ಲಿ ಯಾರೂ ಒಂದು ಲೋಟಕ್ಕೆ ನಿಲ್ಲಿಸುವುದಿಲ್ಲ. ತಲೆಗೆ ಎರಡು ಲೋಟ ಎಂದಿಟ್ಟುಕೊಳ್ಳಿ. 25 ಜನರಾದರೆ 50 ಲೋಟ. ಲೋಟಕ್ಕೆ 200 ಮಿ.ಲೀ. ಅಂದ್ರೂ 10 ಲೀಟರ್ ಆಯಿತು. ಇದನ್ನೆಲ್ಲ ಒಂದೇ ಬಗೆಯಲ್ಲಿ ಮಾಡಿದರೆ ಬೇಜಾರು, ಆರು ಬಗೆ ಮಾಡಿದರೆ ನಿಮಗೆ ಸುಸ್ತು. ಮೂರು ಬಗೆ ಸಾಕು. ಹುಳಿ-ಸಿಹಿ ಒಂದು, ಉಪ್ಪು-ಖಾರ ಒಂದು, ಮಕ್ಕಳಿಗೆ ಬುರುಗು ಬರುವಂಥದ್ದು ಒಂದು.

ಹುಳಿ-ಸಿಹಿಗೆ ಮಾವಿನಕಾಯಿ

ಉತ್ತರ ಭಾರತದವರು ಆಮ್ ಪನ್ನಾ ಎಂದು ಕರೆಯುವುದು ಇದನ್ನೇ. ಒಂದು ಕೆ.ಜಿ. ಹುಳಿ ಮಾವಿನಕಾಯಿಯನ್ನು ತೊಳೆದು, ಸ್ವಲ್ಪ ನೀರು ಹಾಕಿ ಕುಕ್ಕರಿನಲ್ಲಿ ಎರಡು-ಮೂರು ವಿಷಲ್ ಕೂಗಿಸಿ. ಆರಿದ ಮೇಲೆ ಸಿಪ್ಪೆ ತೆಗೆದು ತಿರುಳನ್ನು ಹಿಂಡಿಕೊಳ್ಳಿ. ಇದಕ್ಕೆ 400ರಿಂದ 500 ಗ್ರಾಂ ಬೆಲ್ಲ, ಎರಡು ಚಿಕ್ಕ ಚಮಚ ಉಪ್ಪು, ಹುರಿದ ಜೀರಿಗೆ ಪುಡಿ ಎರಡು ಚಮಚ, ಕಾಳುಮೆಣಸಿನ ಪುಡಿ ಒಂದು ಚಮಚ, ನಾಲ್ಕು ಏಲಕ್ಕಿ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿ. ಬೆಲ್ಲದಲ್ಲಿ ಮಣ್ಣು, ಕಸ ಇರುವ ಅನುಮಾನವಿದ್ದರೆ ಮೊದಲೇ ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ ಹಾಕಿ.

ಲೋಟಕ್ಕೆ ಮೂರು ದೊಡ್ಡ ಚಮಚ ರಸ, ಮೇಲೆ ತಣ್ಣೀರು. ಇಷ್ಟಕ್ಕೆ ಸುಮಾರು 20 ಲೋಟ ಆಗುತ್ತದೆ. ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ.

ಅಥವಾ ಪುನರ್ಪುಳಿ

ಕರಾವಳಿಯವರ ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು, ಅಂಗಡಿಯವರ ಕೋಕಂ, ಎಲ್ಲ ಒಂದೇ ಹಣ್ಣು. ಒಣಗಿಸಿದ ಸಿಪ್ಪೆ ಈಗ ನಗರಗಳಲ್ಲಿ ಮಂಗಳೂರು ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವಾಗ ಒಂದು ಮಾತು ಕೇಳಿ, "ಇದಕ್ಕೆ ಉಪ್ಪು ಹಾಕಿದೆಯಾ?" ಅಡುಗೆಗೆಂದು ಉಪ್ಪು ಹಾಕಿ ಒಣಗಿಸಿದ್ದೂ ಇರುತ್ತದೆ. ಶರಬತ್ತಿಗೆ ಉಪ್ಪಿಲ್ಲದ್ದೇ ಆಗಬೇಕು.

ನೂರು ಗ್ರಾಂ ಸಿಪ್ಪೆಯನ್ನು ತೊಳೆದು, ಮೂರು ಕಪ್ ಬಿಸಿನೀರಿನಲ್ಲಿ ನಾಲ್ಕು ಗಂಟೆ ನೆನೆಸಿ, ಚೆನ್ನಾಗಿ ಹಿಸುಕಿ ಸೋಸಿ. 400 ಗ್ರಾಂ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಸಕ್ಕರೆ ಕರಗಿ ಒಂದು ಕುದಿ ಬರುವವರೆಗೆ ಇಡಿ. ಇಳಿಸಿ, ಒಂದು ಚಮಚ ಜೀರಿಗೆ ಪುಡಿ, ಚಿಟಿಕೆ ಉಪ್ಪು. ಲೋಟಕ್ಕೆ ಮೂರು ದೊಡ್ಡ ಚಮಚ. ಆ ಕಡುಗೆಂಪು ಬಣ್ಣ ನೋಡಿದರೇ ಮಕ್ಕಳು ಓಡಿ ಬರುತ್ತಾರೆ. ಬಾಟಲಿ ಶರಬತ್ತಿನ ಕೃತಕ ಬಣ್ಣ ಇಲ್ಲಿ ಬೇಕಾಗುವುದೇ ಇಲ್ಲ.

ಎಲ್ಲರಿಗೂ ಸಲ್ಲುವ ನೀರುಮಜ್ಜಿಗೆ

ಒಂದು ಲೀಟರ್ ಹುಳಿಯಿಲ್ಲದ ಮೊಸರು, ಮೂರು ಲೀಟರ್ ನೀರು, ಇಷ್ಟಕ್ಕೇ 20 ಲೋಟ! ಎರಡಿಂಚು ಶುಂಠಿ, ಮೂರು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಎರಡು ಎಸಳು ಕರಿಬೇವು, ಚಿಟಿಕೆ ಇಂಗು. ಇವನ್ನು ಹಿಂದಿನ ರಾತ್ರಿಯೇ ರುಬ್ಬಿ ಡಬ್ಬಿಯಲ್ಲಿಟ್ಟುಕೊಳ್ಳಿ. ಮೊಸರು ಕಡೆಯುವುದು ಮಾತ್ರ ಆ ದಿನವೇ. ರುಬ್ಬಿದ್ದನ್ನು ಸೇರಿಸಿ ಸೋಸಿದರೆ ಲೋಟದಲ್ಲಿ ಸೊಪ್ಪಿನ ಚೂರು ಹಲ್ಲಿಗೆ ಸಿಗುವುದಿಲ್ಲ. ಉಪ್ಪು ನಾಲ್ಕು ಚಿಕ್ಕ ಚಮಚ ಹಾಕಿ ರುಚಿ ನೋಡಿ. ಖಾರ ಬೇಡವೆನ್ನುವ ಮಕ್ಕಳಿಗೆ, ಉಪ್ಪು ಕಡಿಮೆ ಮಾಡಬೇಕಾದ ಬಿ.ಪಿ. ಇರುವವರಿಗೆ ಮೊದಲೇ ಒಂದು ಚಂಬು ತೆಗೆದಿಡಿ.

ಮಕ್ಕಳಿಗೆ 'ಮಾಕ್‌ಟೇಲ್'

ಕಾಕ್‌ಟೇಲ್ ಅಂದ ಕೂಡಲೇ ಅತ್ತೆಯವರು ಹುಬ್ಬೇರಿಸಬಹುದು. ಮದ್ಯ ಸೇರದ ಕಾಕ್‌ಟೇಲೇ ಮಾಕ್‌ಟೇಲ್. ಹೋಟೆಲಿನಲ್ಲಿ ಮಕ್ಕಳು 'ವರ್ಜಿನ್ ಮೊಹಿತೊ' ಎಂದು ಆರ್ಡರ್ ಮಾಡುತ್ತಾರಲ್ಲ, ಅದರಲ್ಲಿರುವುದು ನಿಂಬೆ, ಪುದೀನ, ಸಕ್ಕರೆ, ಸೋಡಾ ಅಷ್ಟೆ. ಕ್ಯೂಬಾ ದೇಶದ ಮೂಲ ಮೊಹಿತೊಗೆ ರಮ್ ಹಾಕುತ್ತಾರೆ, ಇದರಲ್ಲಿ ಅದಿಲ್ಲ.

ಮನೆಯಲ್ಲಿ ಹೀಗೆ ಮಾಡಿ. 400 ಗ್ರಾಂ ಸಕ್ಕರೆ, ಒಂದೂವರೆ ಕಪ್ ನೀರು, ತುರಿದ ಶುಂಠಿ 75 ಗ್ರಾಂ ಸೇರಿಸಿ ಐದು ನಿಮಿಷ ಕುದಿಸಿ, ಸೋಸಿ. ಪೂರ್ತಿ ಆರಿದ ಮೇಲೆ ಎಂಟು-ಹತ್ತು ನಿಂಬೆಹಣ್ಣಿನ ರಸ ಬೆರೆಸಿ. ಬಿಸಿಯಲ್ಲಿ ಹಾಕಿದರೆ ನಿಂಬೆಯ ಪರಿಮಳ ಹೋಗಿಬಿಡುತ್ತದೆ. ಸುಮಾರು 16 ಲೋಟಕ್ಕೆ ಸಾಕಾಗುತ್ತದೆ. ಕೊಡುವಾಗ ಲೋಟದಲ್ಲಿ ನಾಲ್ಕು ಪುದೀನ ಎಲೆ ಜಜ್ಜಿ, ಮೂರು ದೊಡ್ಡ ಚಮಚ ರಸ, ಐಸ್, ಮೇಲೆ ಸೋಡಾ. ಸೋಡಾ ಬಾಟಲಿಯನ್ನು ಕೊನೇ ಗಳಿಗೆಯಲ್ಲೇ ತೆರೆಯಿರಿ.

ಕಾಮಕಸ್ತೂರಿ ಬೀಜ ಇದ್ದರೆ ಒಂದು ಚಮಚವನ್ನು ಒಂದು ಕಪ್ ನೀರಿನಲ್ಲಿ 20 ನಿಮಿಷ ನೆನೆಸಿ. ಮುತ್ತಿನಂತೆ ಉಬ್ಬಿದ ಬೀಜಗಳನ್ನು ಲೋಟಕ್ಕೆ ಒಂದೊಂದು ಚಮಚ ಹಾಕಿದರೆ ನೋಡಲೂ ಚೆಂದ. ಪೂರ್ತಿ ನೆನೆಯದ ಬೀಜ ಗಂಟಲಿಗೆ ಅಂಟಬಹುದು. ಅವಸರ ಮಾಡಬೇಡಿ, ತೀರ ಸಣ್ಣ ಮಕ್ಕಳಿಗೆ ಬೇಡವೇ ಬೇಡ.

ಇನ್ನೊಂದು ಮಾತು. ಕೂಟದಲ್ಲಿ ದೊಡ್ಡವರ 'ಡ್ರಿಂಕ್ಸ್' ಕೂಡ ಇರುವುದಾದರೆ ಅದರ ಮೇಜು ಬೇರೆ, ಲೋಟ ಬೇರೆ ಇರಲಿ. ಬಣ್ಣದ ಜ್ಯೂಸ್ ಜಗ್ಗಿಗೋ ಕೋಲಾ ಬಾಟಲಿಗೋ ಅದನ್ನು ಬೆರೆಸಿ ಇಡಲು ಬಿಡಬೇಡಿ. ಬಾಯಾರಿ ಓಡಿ ಬಂದ ಮಗು ಯಾವ ಜಗ್ಗು ಎತ್ತಿಕೊಳ್ಳುತ್ತದೋ ಹೇಳಲಾಗದು.

ಐಸ್ ಬಗ್ಗೆ ಎಚ್ಚರ

ಪಾನಕ ಎಷ್ಟೇ ಶುದ್ಧವಾಗಿ ಮಾಡಿದರೂ ಐಸ್ ಕೆಟ್ಟದ್ದಾದರೆ ಎಲ್ಲ ಹಾಳು. ಮರುದಿನ ಮನೆ ಮಂದಿಗೆಲ್ಲ ವಾಂತಿ-ಭೇದಿ. ಫ್ರಿಜ್‌ನಲ್ಲಿ ನೀರು ಗಡ್ಡೆ ಕಟ್ಟಿದ ಮಾತ್ರಕ್ಕೆ ರೋಗಾಣುಗಳು ಸಾಯುವುದಿಲ್ಲ. ನೀರನ್ನು ಕುದಿಸಿ ಆರಿಸಿ, ಎರಡು ದಿನ ಮೊದಲಿಂದಲೇ ಟ್ರೇ ಟ್ರೇ ಐಸ್ ಮಾಡಿ ಮುಚ್ಚಳದ ಡಬ್ಬಿಗೆ ತುಂಬುತ್ತಾ ಬನ್ನಿ. ಹೊರಗಿನಿಂದ ದೊಡ್ಡ ಗಡ್ಡೆ ತಂದರೆ ಅದು ಪಾತ್ರೆಯ ಸುತ್ತ ಇಡಲು ಮಾತ್ರ, ಲೋಟದೊಳಕ್ಕೆ ಬೇಡ. ಮೀನು ಕೆಡದಿರಲಿ ಎಂದು ಇಡುವ ಐಸ್ ಕುಡಿಯುವುದಕ್ಕೆಂದು ಮಾಡಿದ್ದಲ್ಲ.

ಪುನರ್ಪುಳಿ ರಸವನ್ನೇ ಟ್ರೇಯಲ್ಲಿ ಗಡ್ಡೆ ಕಟ್ಟಿಸಿಟ್ಟರೆ, ಕರಗಿದಾಗ ಪಾನಕ ನೀರು ನೀರಾಗುವುದಿಲ್ಲ.

ಹಾಗೆಯೇ ಪಾತ್ರೆ. ಅಜ್ಜಿಯ ಕಾಲದ ತಾಮ್ರ-ಹಿತ್ತಾಳೆ ಕೊಳಗ ನೋಡಲು ಲಕ್ಷಣವಾಗಿರುತ್ತದೆ, ನಿಜ. ಆದರೆ ಕಲಾಯಿ ಇಲ್ಲದ ಪಾತ್ರೆಯಲ್ಲಿ ಮಜ್ಜಿಗೆ, ನಿಂಬೆ, ಮಾವು, ಹುಳಿಯ ಯಾವುದನ್ನೂ ಇಡಬಾರದು. ಸ್ಟೀಲ್, ಗಾಜು, ಮಣ್ಣಿನ ಮಡಕೆಯೇ ಒಳ್ಳೆಯದು. ಮಜ್ಜಿಗೆ, ಹಾಲು ಬೆರೆತ ಜ್ಯೂಸ್‌ಗಳನ್ನು ಬಿರುಬೇಸಿಗೆಯ ದಿನ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಸ್ವಲ್ಪ ಸ್ವಲ್ಪವೇ ತಂದಿಡಿ.

ಯಾರಿಗೆ ಯಾವುದು?

ಮನೆಯಲ್ಲೇ ಮಾಡಿದ್ದು ಅಂದ ಮಾತ್ರಕ್ಕೆ ಎಷ್ಟು ಬೇಕಾದರೂ ಕುಡಿಯಬಹುದು ಎಂದಲ್ಲ. ಮೇಲಿನ ಸಿಹಿ ಪಾನೀಯಗಳಲ್ಲಿ ಲೋಟಕ್ಕೆ 20ರಿಂದ 25 ಗ್ರಾಂ ಸಿಹಿ ಇದೆ. 200 ಮಿ.ಲೀ. ಕೋಲಾದಲ್ಲಿ ಇರುವುದೂ ಹೆಚ್ಚು ಕಡಿಮೆ ಅಷ್ಟೇ! ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ. ಆದ್ದರಿಂದ ಮೊದಲ ಲೋಟ ಪಾನಕವಾದರೆ ಎರಡನೆಯದು ಮಜ್ಜಿಗೆಯಾಗಲಿ.

* ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ "ಬೆಲ್ಲದ್ದು, ಏನೂ ಆಗಲ್ಲ, ತಗೊಳ್ಳಿ" ಎಂದು ಒತ್ತಾಯ ಮಾಡಬೇಡಿ. ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ. ಅವರಿಗೆ ಮಜ್ಜಿಗೆ ಅಥವಾ ಸಕ್ಕರೆ ಹಾಕದ ನಿಂಬೆನೀರು ಕೊಡಿ. ಎಲ್ಲರೆದುರು ಕೇಳಿ ಮುಜುಗರಪಡಿಸದೆ, ತಟ್ಟೆಯಲ್ಲಿ ಎರಡೂ ಬಗೆ ಇಟ್ಟು ಮುಂದೆ ಹಿಡಿದರೆ ತಮಗೆ ಬೇಕಾದ್ದನ್ನು ಅವರೇ ತೆಗೆದುಕೊಳ್ಳುತ್ತಾರೆ.

* ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

* ಆರು ತಿಂಗಳೊಳಗಿನ ಮಗುವಿಗೆ ತಾಯಿಯ ಹಾಲೇ ಸಾಕು, ಎಷ್ಟೇ ಸೆಕೆಯಿದ್ದರೂ ನೀರು ಕೂಡ ಬೇಡ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ.

ಬಿಸಿಲಿಗೆ ಬಳಲಿದರೆ

ಮಕ್ಕಳು ಮಧ್ಯಾಹ್ನವೆಲ್ಲ ಟೆರೇಸ್ ಮೇಲೆ ಕ್ರಿಕೆಟ್ ಆಡಿ ಸುಸ್ತಾಗಿ ಬಂದರೆ ಮಜ್ಜಿಗೆ, ಪಾನಕ ಸಾಕು. ಆದರೆ ವಾಂತಿ-ಭೇದಿ ಶುರುವಾದರೆ ಜ್ಯೂಸ್ ಕೊಡಬಾರದು, ಓಆರ್‌ಎಸ್ ಬೇಕು. ಔಷಧಿ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೇ ಎಂದು ನಮೂದಿಸಿದ ಪೊಟ್ಟಣ ಕೇಳಿ. ಹೆಸರಿನಲ್ಲಿ ಓಆರ್‌ಎಸ್ ಎಂದು ಇದ್ದ ಸಿಹಿ ಪಾನೀಯಗಳು ಬಹುಕಾಲ ಜನರನ್ನು ದಾರಿ ತಪ್ಪಿಸಿದ್ದವು. ಇಂಥ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸಬಾರದೆಂದು 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು ಹಾಕಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸಿ.

ಮೈ ಕೆಂಡದಂತೆ ಸುಡುತ್ತಾ, ಮಾತು ತೊದಲುತ್ತಾ, ಎಚ್ಚರ ತಪ್ಪುವಂತಾದರೆ ಬಾಯಿಗೆ ಏನನ್ನೂ ಹಾಕಬೇಡಿ. ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಾ, ತಡಮಾಡದೆ 108ಕ್ಕೆ ಕರೆ ಮಾಡಿ.

ಹಿಂದಿನ ದಿನ, ಆ ದಿನ

ಎರಡು ದಿನ ಮೊದಲು: ಐಸ್ ಮಾಡಲು ಶುರು. ಕುಡಿಯುವ ನೀರಿನ ಕ್ಯಾನ್ ಹೇಳಿಬಿಡಿ, ಬಂದಾಗ ಸೀಲ್ ನೋಡಿ ತೆಗೆದುಕೊಳ್ಳಿ.

ಹಿಂದಿನ ದಿನ: ಗಟ್ಟಿ ರಸಗಳು, ಮಜ್ಜಿಗೆಗೆ ರುಬ್ಬುವುದು. ಬಾಟಲಿಗಳ ಮೇಲೆ ಚೀಟಿ ಅಂಟಿಸಿ, "ಮಾವು, 3 ಚಮಚ" ಅಂತ ಬರೆದಿಡಿ.

ಆ ದಿನ ಬೆಳಿಗ್ಗೆ: ಮೊಸರು ಕಡೆದು ಫ್ರಿಜ್‌ಗೆ. ಕಲ್ಲಂಗಡಿ, ಕರಬೂಜ ಇದ್ದರೆ ಇಡಿಯಾಗಿ ತಂದು, ತೊಳೆದು, ಕೊಡುವ ಹೊತ್ತಿಗೆ ಕತ್ತರಿಸಿ. ಕತ್ತರಿಸಿ ಮಾರುವ ಹಣ್ಣು ಬೇಡ.

ನೆಂಟರು ಬರುವ ಹೊತ್ತಿಗೆ: ಹಾಲ್‌ನ ಒಂದು ಮೂಲೆಯಲ್ಲಿ ಮೇಜು ಹಾಕಿ. ಬಾಟಲಿ, ತಣ್ಣೀರಿನ ಮಡಕೆ, ಐಸ್ ಡಬ್ಬಿ, ಇಕ್ಕಳ, ಚಮಚ, ಲೋಟ ಎಲ್ಲ ಅಲ್ಲೇ. ಬೆರೆಸುವ ಜವಾಬ್ದಾರಿ ದೊಡ್ಡ ಮಕ್ಕಳಿಗೆ, ಲೋಟ ತೊಳೆಯುವ ಪಾಳಿ ಗಂಡಸರಿಗೆ. ಮೊದಲ ಬಾರಿ ಸ್ವಲ್ಪ ಚೆಲ್ಲಾಡಬಹುದು, ಒರೆಸಿದರಾಯಿತು. "ನೀವಿರಿ ಅತ್ತಿಗೆ, ನಾವು ಮಾಡ್ಕೋತೀವಿ" ಅಂತ ಯಾರಾದರೂ ಅಂದರೆ ಬೇಡವೆನ್ನಬೇಡಿ. ಲೋಟ ತಗೊಂಡು ಕೂತುಬಿಡಿ!

ಕೊನೆಯಲ್ಲಿ ಗಟ್ಟಿ ರಸ ಉಳಿದಿದೆಯೇ? ಸಣ್ಣ ಬಾಟಲಿಗೆ ತುಂಬಿ, ಹೊರಟು ನಿಂತ ನಾದಿನಿಗೆ ಅರಿಶಿನ-ಕುಂಕುಮದ ಜತೆ ಕೊಟ್ಟು ಕಳಿಸಿ. ಮನೆಗೆ ಹೋದ ಕೂಡಲೇ ಫ್ರಿಜ್‌ನಲ್ಲಿಡಲು ಮಾತ್ರ ಮರೆಯದೆ ಹೇಳಿ.